ಬೆಳೆಯದ ಹುಲ್ಲಿನ ಮಾಲಿ

ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಹುಲ್ಲು ಕತ್ತರಿಸುವ ಮನುಷ್ಯ ಅದೇ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತದ್ದನ್ನು ನೀವು ಒಮ್ಮೆಯಾದರೂ ಕಂಡಿದ್ದೀರಾ?

ಉತ್ತರಕ್ಕೆ ಅವಸರವಿಲ್ಲ. ಎದುರಾಳಿಗೆ ಯೋಚಿಸಲು ಸಮಯ ಕೊಡಬಾರದೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ಆದರೆ ಇಂಥದೊಂದು ಪ್ರಶ್ನೆ ಇದೆಯೆಂದು ತಿಳಿಯಲು ನನಗೇ ನಲವತ್ತೈದು ವರ್ಷ ಬೇಕಾದುದರಿಂದ ನಿಮ್ಮನ್ನು ಆತುರಪಡಿಸುವುದು ನ್ಯಾಯವಲ್ಲ. ಅದನ್ನು ನನ್ನ ಮುಂದಿಟ್ಟವರು ನಮ್ಮ ಹಿತ್ತಿಲಗೋಡೆಯ ಆಚೆ ಬದಿಯ ನೆರೆಯವರು. ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ತಮ್ಮ ಹೆಸರು ಎಲ್ಲೂ ಬರುವುದು ಅವರಿಗೆ ಇಷ್ಟವಿರಲಿಲ್ಲ. ಬಾಗಿಲ ಮೇಲೆ ಹೆಸರಿನ ಫಲಕವನ್ನೂ ಹಾಕಿಸಿರಲಿಲ್ಲ. ಇಲ್ಲಿಯೂ ಅವರು ಹಾಗೆಯೇ ಇರಲಿ.

ನಮ್ಮ ಬಡಾವಣೆ ಇರುವುದು ಹಿನಕಲ್‌ನಿಂದಾಚೆ, ಹಿಂದೆ ಕೆರೆಯ ಕೆಳಗಿನ ಗದ್ದೆಯಾಗಿದ್ದ ಜಾಗದಲ್ಲಿ. ಅಪ್ಪಟ ಜೇಡಿಮಣ್ಣು. ಬೇಸಿಗೆಯಲ್ಲಿ ನೆಲ ಬಿರಿದು ಹವಾಯಿ ಚಪ್ಪಲಿಯ ತುದಿಯನ್ನು ಕಚ್ಚಿ ಹಿಡಿಯುತ್ತದೆ. ಮಳೆಗಾಲದಲ್ಲಿ ಚಪ್ಪಲಿಯನ್ನು ಪೂರ್ತಿ ಇಟ್ಟುಕೊಂಡು ಕಾಲನ್ನು ಮಾತ್ರ ಮನೆಗೆ ಕಳಿಸುತ್ತದೆ. ಈ ಮಣ್ಣಿನ ಮೇಲೆ ನಾಗರಿಕತೆಯನ್ನು ಸ್ಥಾಪಿಸುವ ಹೊಣೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನನ್ನದು. ಹಸಿಕಸ, ಒಣಕಸ ಬೇರ್ಪಡಿಸುವುದನ್ನು ಜಾರಿಗೆ ತಂದೆ. ನನ್ನ ಹಿತ್ತಿಲಲ್ಲಿ ಮಾದರಿ ಕಾಂಪೋಸ್ಟ್ ಗುಂಡಿಯೊಂದನ್ನು ಮಾಡಿದೆ. ರಸ್ತೆಯ ಮೇಲೆ ಜಲ್ಲಿ, ಮರಳು, ಇಟ್ಟಿಗೆ ಯಾವುದನ್ನೂ ಒಂದು ಗಂಟೆಯ ಕಾಲವೂ ಸುರಿಯಬಾರದೆಂಬ ನಿಯಮವನ್ನು ಮೂರು ಸಭೆಗಳಲ್ಲಿ ವಾದಿಸಿ ಗೆದ್ದೆ. ಈ ಕೊನೆಯ ಗೆಲುವನ್ನು ದಯವಿಟ್ಟು ನೆನಪಿನಲ್ಲಿಡಿ.

ಆ ನೆರೆಯವರು ಬೆಟ್ಟದ ಮೇಲಿನ ಒಂದೂರಿನ ಗಾಲ್ಫ್ ಮೈದಾನದಲ್ಲಿ ಮೂವತ್ತನಾಲ್ಕು ವರ್ಷ ಮಾಲಿಯಾಗಿದ್ದು, ನಿವೃತ್ತರಾಗಿ ಹೆಂಡತಿಯ ತವರಿನ ಕಡೆಗೆಂದು ಇಲ್ಲಿಗೆ ಬಂದವರು. ಗಾಲ್ಫಿನಲ್ಲಿ ಕೊನೆಯ ಮೆಲ್ಲನೆಯ ಹೊಡೆತ ಹಾಕಿ ಚೆಂಡನ್ನು ಗುಂಡಿಗೆ ಬೀಳಿಸುವ ಜಾಗವೊಂದಿರುತ್ತದೆ. ಜಮಖಾನದಷ್ಟು ನುಣುಪಾದ ಹುಲ್ಲು, ಅದರಲ್ಲೊಂದು ಗುಂಡಿ, ಗುಂಡಿಯಲ್ಲೊಂದು ಬಾವುಟ. ಅದಕ್ಕೆ ಗ್ರೀನ್ ಎಂದು ಹೆಸರು. ಪ್ರತಿದಿನ ಬೆಳಗಾಗುತ್ತಲೇ ಆ ಹುಲ್ಲನ್ನು ಕತ್ತರಿಸಿ, ನಿನ್ನೆಯ ಗುಂಡಿಯನ್ನು ಮುಚ್ಚಿ, ಬೇರೆಡೆ ಹೊಸ ಗುಂಡಿ ತೆಗೆಯುವುದು ಅವರ ಕೆಲಸವಾಗಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಗುಂಡಿ ತೆಗೆಯುವ ಆ ಹಳೆಯ ಕಬ್ಬಿಣದ ಕೊಳವೆಯನ್ನೇ ನೆನಪಿನ ಕಾಣಿಕೆಯಾಗಿ ಕೊಟ್ಟರಂತೆ. ಅದಕ್ಕೆ ಮೇಲೊಂದು ಅಡ್ಡಹಿಡಿ ಇತ್ತು. ಅವರು ಅದನ್ನು ದೇವರ ಕೋಣೆಯ ಬಾಗಿಲ ಪಕ್ಕ ನಿಲ್ಲಿಸಿದ್ದರು.

ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಾಲ ಕೆಳಗಿನ ನೆಲವನ್ನು ನೋಡುವುದು ಅವರ ಅಭ್ಯಾಸ. ಎಲ್ಲಿಗೆ ಹೋದರೂ ಕುಕ್ಕರುಗಾಲಿನಲ್ಲಿ ಕುಳಿತು, ತಲೆ ವಾಲಿಸಿ, ಕೆನ್ನೆಯನ್ನು ನೆಲದ ಹತ್ತಿರ ತಂದು ಒಂದು ಕಣ್ಣು ಮುಚ್ಚುತ್ತಿದ್ದರು. ಇಳಿಜಾರಿಗೆ ಅವರು ಇಟ್ಟ ಹೆಸರು ಓಟ. ಪರಿಚಯ ಮಾಡಿಕೊಳ್ಳಲು ನಮ್ಮ ಮನೆಗೆ ಬಂದ ದಿನ ನಾನು ಕಾಫಿ ತರುವಷ್ಟರಲ್ಲಿ ವರಾಂಡದಲ್ಲಿ ಬೋರಲು ಮಲಗಿದ್ದರು. ನಾನು ಗಾಬರಿಯಿಂದ ಲೋಟ ಕೆಳಗಿಟ್ಟೆ.

“ಏನಿಲ್ಲ ಕಣಮ್ಮ, ನಿಮ್ ವರಾಂಡ ಎಡಕ್ಕೆ ಓಡ್ತದೆ. ನಿಮ್ಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ. ಹನ್ನೊಂದು ವರ್ಷ ನಾನು ಆ ವರಾಂಡದಲ್ಲಿ ಕುಳಿತು ಸಮಾಜದ ಓರೆಕೋರೆಗಳ ಬಗ್ಗೆ ಲೇಖನ ಬರೆದಿದ್ದೆ.

ಒಂಟಿಕೊಪ್ಪಲಿನಲ್ಲಿ ನಡೆದ ಮದುವೆಯೊಂದರಲ್ಲಿ ಪಂಕ್ತಿಗೆ ಕುಳಿತಾಗ ಅವರು ಎಲೆಯ ಮೇಲೆ ಎರಡು ಹನಿ ನೀರು ಬಿಟ್ಟು ನೋಡಿ, ಪಕ್ಕದಲ್ಲಿದ್ದ ಅಪರಿಚಿತರಿಗೆ ಗಂಭೀರವಾಗಿ ಹೇಳಿದರು: “ಸ್ವಾಮಿ, ನಿಮ್ ಸಾರು ಬಲಗಡೆ ಓಡೋದು. ಅನ್ನದ ಕಟ್ಟೆ ಈಗ್ಲೇ ಆ ಕಡೆ ಹಾಕ್ಬುಡಿ.” ಆ ಅಪರಿಚಿತರು ನಕ್ಕರು. ಸಾರು ಬಂತು, ಬಲಗಡೆಗೆ ಓಡಿತು, ರೇಷ್ಮೆ ಪಂಚೆಯ ಮೇಲೆ ಇಳಿಯಿತು. ಆಮೇಲೆ ಆ ಸಾಲಿನವರೆಲ್ಲ ಪಾಯಸ ಬರುವ ಮುನ್ನ ಇವರ ಕಡೆಗೇ ತಿರುಗಿ ಕಾಯುತ್ತಿದ್ದರು.

ಇಂಥವರ ಮನೆಯ ಮುಂದೆ ಒಂದು ದಿನ ಮೇಟಗಳ್ಳಿಯ ಗೋದಾಮಿನಿಂದ ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿ ಹಚ್ಚಹಸಿರು ಪ್ಲಾಸ್ಟಿಕ್ ಹುಲ್ಲಿನ ದೊಡ್ಡ ಸುರುಳಿ ಇತ್ತು. ನಾನು ಕೈಕೆಲಸ ಬಿಟ್ಟು ಓಡಿದೆ.

“ಇದೇನು ಯಜಮಾನರೇ?”

“ಹಿತ್ಲಿಗೆ ಒಂದು ಗ್ರೀನು ಮಾಡವಾ ಅಂತ.”

ಪ್ಲಾಸ್ಟಿಕ್ಕಿನಿಂದ ಮಣ್ಣಿಗೆ, ಎರೆಹುಳುವಿಗೆ, ಅಂತರ್ಜಲಕ್ಕೆ ಆಗುವ ಹಾನಿಗಳನ್ನು ನಾನು ಅನುಕ್ರಮವಾಗಿ ಮಂಡಿಸಿದೆ. ಈಗಲೂ ಆ ವಾದದ ಒಂದು ಪದವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಅವರು ಪೂರ್ತಿ ಕೇಳಿದರು. “ಇಡೀ ಆಯುಷ್ಯ ಹುಲ್ಲಿನೊಂದಿಗೆ ಕಳೆದ ನೀವೇ ನಿಜವಾದ ಹುಲ್ಲನ್ನು ಬೆಳೆಸಬಾರದೆ?” ಎಂದು ಮುಗಿಸಿದೆ.

“ನೀವು ಹೇಳೋದೆಲ್ಲ ಸರಿ ಕಣಮ್ಮ. ಆದ್ರೆ ಬೆಳ್ಯೋ ಹುಲ್ಲು ಸಾಕಾಗ್ಬುಟ್ಟದೆ. ಇವತ್ತು ಕತ್ರಿಸಿ ಮಲಗಿದ್ರೆ ನಾಳೆ ಬೆಳಗ್ಗೆ ಮತ್ತೆ ಎದ್ದು ನಿಂತಿರ್ತದೆ, ನಾನಿನ್ನೂ ಎದ್ದೇ ಇರಲ್ಲ. ನಂಗೂ ಒಂದ್ಸಲ ಹುಲ್ಲಿಗಿಂತ ಮುಂದಿರ್ಬೇಕು ಅಂತ ಆಸೆ.”

ಒಳಗಿನಿಂದ ಅವರ ಹೆಂಡತಿ ಕೂಗಿದರು: “ಸೆಕ್ರೆಟರಿ ಅಮ್ಮ, ಹೇಳ್ರೀ ಚೆನ್ನಾಗಿ! ಕನಕಾಂಬರದ ಪಾತಿ ಕಿತ್ತಾಕವ್ರೆ. ನಾಳೆ ನನ್ನೂ ಕಿತ್ತು ಪ್ಲಾಸ್ಟಿಕ್ಕಿನವಳ್ನ ತಂದು ನಿಲ್ಲಿಸ್ತಾರೆ!”

“ಅವಳು ಮಾತಾಡಲ್ಲ ಅಂತ ಖಾತ್ರಿ ಇದ್ರೆ ನೋಡವಾ,” ಎಂದರು ಇವರು.

ಇಂಥ ಮಣ್ಣಿನಲ್ಲಿ ಗ್ರೀನ್ ಮಾಡಬೇಕಾದರೆ ಮುಕ್ಕಾಲು ಅಡಿ ಜೇಡಿಯನ್ನು ತೆಗೆದು, ಜಲ್ಲಿ ತುಂಬಿ, ಒತ್ತಿ, ನೀರು ಹರಿದು ಹೋಗಲು ತೂತಿನ ಕೊಳವೆ ಹೂಳಬೇಕು. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನವೇ ಜಲ್ಲಿಯ ಟ್ರ್ಯಾಕ್ಟರ್ ಬಂತು. ಅವರ ಮನೆಯ ಪಕ್ಕದ ಓಣಿಯಲ್ಲಿ ಟ್ರ್ಯಾಕ್ಟರ್ ಹಿಡಿಸದು. ರಸ್ತೆಯಲ್ಲಿ ಸುರಿದು ಬಾಣಲಿಯಲ್ಲಿ ಹೊರಬೇಕು. ನಾನು ನಿಯಮದ ಪ್ರತಿಯನ್ನು ಹಿಡಿದು ಟ್ರ್ಯಾಕ್ಟರಿನ ಮುಂದೆ ನಿಂತೆ. ಚಾಲಕ ನನ್ನೊಡನೆ ಜಗಳಕ್ಕೆ ನಿಂತಾಗ ಅವರೇ ತಡೆದರು: “ರೂಲು ಅಂದ್ರೆ ರೂಲು ಕಣಪ್ಪ. ವಾಪಸ್ ತಗೊಂಡೋಗು.” ಜಲ್ಲಿ ಹಿಂದಿರುಗಿತು. ಅವರು ಎರಡು ಚೀಲ ಮರಳನ್ನು ತಲೆಯ ಮೇಲೆ ಹೊತ್ತು ತಂದು, ಜೇಡಿಯ ಮೇಲೆ ಹರಡಿ, ಅದರ ಮೇಲೆಯೇ ಹುಲ್ಲು ಹಾಸಿ, ಸುತ್ತಲೂ ಮೊಳೆ ಹೊಡೆದರು. ಅಂದು ರಾಷ್ಟ್ರೀಯ ಮಹತ್ವದ ಕಾರ್ಯವೊಂದನ್ನು ನೆರವೇರಿಸಿದ ತೃಪ್ತಿ ನನಗಿತ್ತು.

ಮೊದಲ ಮಳೆಗೆ ಜೇಡಿ ನೀರು ಕುಡಿದು ಉಬ್ಬಿತು. ಎಂಟು ದಿನಗಳಲ್ಲಿ ಆ ಗ್ರೀನು ದೊಡ್ಡ ಆಮೆಯೊಂದು ಹಸಿರು ಕಂಬಳಿ ಹೊದ್ದು ಮಲಗಿದಂತೆ ಕಂಡಿತು. ಗುಂಡಿ ಆಮೆಯ ಬೆನ್ನಿನ ತುದಿಯಲ್ಲಿತ್ತು. ಅಲ್ಲಿ ಯಾವ ಚೆಂಡನ್ನಿಟ್ಟರೂ ಅದು ಗುಂಡಿಯನ್ನು ಬಿಟ್ಟು ನಾಲ್ಕು ದಿಕ್ಕಿಗೂ ಓಡುವುದು. ನಾನು ಗೋಡೆಯ ಮೇಲಿಂದ ನೋಡಿ, ಒಳಗೆ ಅಳುಕಿದ್ದರೂ, “ನಾನು ಆಗಲೇ ಹೇಳಿದ್ದೆ,” ಎಂದೆ. ಅವರು ಕೆನ್ನೆ ಊರಿ ಮಲಗಿದ್ದವರು ತಲೆಯೆತ್ತಿದರು. ಮುಖದಲ್ಲಿ ಅಪಾರ ಸಂತೋಷ.

“ಎಂಥಾ ಓಟ ಬಂದದೆ ನೋಡಿ ಕಣಮ್ಮ! ಇಂಥದ್ದು ದುಡ್ಡು ಕೊಟ್ರೂ ಯಾರೂ ಮಾಡ್ಕೊಡಲ್ಲ.”

ಅವರ ದಿನಚರಿ ನನ್ನ ಅಡುಗೆಮನೆಯ ಕಿಟಕಿಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಗಿನ ಆರಕ್ಕೆ ಹಳೆಯ ಖಾಕಿ ಟೋಪಿ ಹಾಕಿಕೊಂಡು ಹುಲ್ಲು ಕತ್ತರಿಸುವ ಕೈಯಂತ್ರವನ್ನು ಪ್ಲಾಸ್ಟಿಕ್ಕಿನ ಮೇಲೆ ಸಾಲುಸಾಲಾಗಿ ತಳ್ಳುತ್ತಿದ್ದರು. ಅಲಗನ್ನು ಮೇಲೆತ್ತಿರುತ್ತಿದ್ದರು, ಅಷ್ಟು ವಿವೇಕವಿತ್ತು. ನಂತರ ಹೊಸ ಗುಂಡಿ. ಮೊದಲು ಚಾಕುವಿನಿಂದ ಪ್ಲಾಸ್ಟಿಕ್ ಹುಲ್ಲನ್ನು ರೊಟ್ಟಿಯ ಹಾಗೆ ದುಂಡಗೆ ಕೊಯ್ಯುವರು. ಬಳಿಕ ಕೊಳವೆಯನ್ನು ಒತ್ತಿ ತಿರುಗಿಸಿ ಜೇಡಿಯ ಉಂಡೆಯನ್ನು ಮೇಲೆತ್ತುವರು. ಆ ಉಂಡೆಯನ್ನು ನಿನ್ನೆಯ ಗುಂಡಿಗೆ ತುಂಬಿ, ದುಂಡನೆಯ ಹುಲ್ಲನ್ನು ಅದರ ಮೇಲೆ ಅಂಟಿಸುವರು. ಬಿಸಿಲಿನ ದಿನಗಳಲ್ಲಿ ಜೇಡಿ ಕಲ್ಲಾಗಿರುತ್ತಿತ್ತು. ಹಿಂದಿನ ದಿನವೇ ಚೊಂಬಿನಿಂದ ನೀರು ಹನಿಸಿಡುವರು. ಮೂರು ತಿಂಗಳಲ್ಲಿ ಆಮೆಯ ಬೆನ್ನು ತೇಪೆಗಳಿಂದ ತುಂಬಿಹೋಯಿತು.

ಒಂದು ದಿನ ತಡೆಯಲಾಗದೆ ಕೇಳಿದೆ: “ದಿನವೂ ಗುಂಡಿಯ ಜಾಗ ಯಾಕೆ ಬದಲಾಯಿಸುತ್ತೀರಿ?”

“ಒಂದೇ ಕಡೆ ಇದ್ರೆ ಎಲ್ರೂ ಅಲ್ಲೇ ತುಳ್ದು ತುಳ್ದು ಹುಲ್ಲು ಸತ್ತೋಯ್ತದೆ ಕಣಮ್ಮ.”

“ಇದು ಪ್ಲಾಸ್ಟಿಕ್. ಸತ್ತೇ ಇದೆಯಲ್ಲ!”

“ಸತ್ತದೆ ಅಂದ್ಬುಟ್ಟು ಮರ್ಯಾದೆ ಕೊಡದಂಗೆ ಇರಕ್ಕಾಯ್ತದಾ?”

ನಾನು ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದೆ.

ಆದರೆ ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬರಲು ತಡವಾಯಿತು. ಎಲ್ಲ ಮುಗಿದ ಮೇಲೆ ಅವರು ಬಾವುಟ ನೆಟ್ಟು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗೋಡೆಗೆ ಒತ್ತಿ ನಿಂತುಬಿಡುತ್ತಿದ್ದರು. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ. ಆಮೇಲೆ ಒಳಗೆ ಹೋಗಿ ತಿಂಡಿ ತಿನ್ನುವರು. ಗಾಲ್ಫ್ ಮೈದಾನದ ಗಿಡಗಂಟಿಗಳಲ್ಲಿ ಹಿಂದೆ ಸಿಕ್ಕಿದ ಚೆಂಡುಗಳು ತೊಳೆದು ಒರೆಸಿ ಒಂದು ಬಕೆಟ್ಟಿನಲ್ಲಿದ್ದವು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಹಳೆಯ ಆಟದ ಕೋಲೊಂದು ಗೋಡೆಗೊರಗಿತ್ತು. ಅವರು ಅದನ್ನು ಒರೆಸುತ್ತಿದ್ದರು. ಒಮ್ಮೆಯೂ ಹೊಡೆದದ್ದನ್ನು ನಾನು ಕಾಣಲಿಲ್ಲ.

ಇದರ ಅರ್ಥವನ್ನು ಹುಡುಕುವ ಬದಲು ನಾನು ಸಂಘದ ಸಭೆ ಕರೆದೆ. “ಬಡಾವಣೆಯಲ್ಲಿ ಹಾಸಿರುವ ಪ್ಲಾಸ್ಟಿಕ್ ಹುಲ್ಲನ್ನು ತೆರವುಗೊಳಿಸತಕ್ಕದ್ದು” ಎಂಬ ನಿರ್ಣಯ ಮಂಡಿಸಿ ಇಪ್ಪತ್ತು ನಿಮಿಷ ಮಾತಾಡಿದೆ. ಉತ್ತರಕ್ಕೆ ಅವರಿಗೆ ಮೂರು ನಿಮಿಷ ಕೊಡಲಾಯಿತು. ಅವರು ಜೇಬಿನಿಂದ ನಿಂಬೆಹಣ್ಣು ತೆಗೆದು ಮೇಜಿನ ನಡುವೆ ಇಟ್ಟರು. ಅದು ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಉರುಳಿ, ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ನಮ್ಮ ಅಧ್ಯಕ್ಷರ ಮಡಿಲಿಗೆ ಬಿತ್ತು.

“ಮೇಜೇ ನಿಮ್ ಕಡೆ ಓಡ್ತದೆ ಸಾರ್. ನಾನೇನ್ ಮಾತಾಡ್ಲಿ?” ಎಂದು ಕುಳಿತರು.

ಕೈ ಎತ್ತಿಸಿದಾಗ ಎಲ್ಲ ಕೈಗಳೂ ಎದ್ದವು. ಅವರದೂ ಎದ್ದಿತು.

“ನಿಮ್ಮ ವಿರುದ್ಧವೇ ನೀವು ಮತ ಹಾಕುತ್ತಿದ್ದೀರಿ,” ಎಂದು ಅಧ್ಯಕ್ಷರು ಎಚ್ಚರಿಸಿದರು.

“ಅಮ್ಮಾವ್ರು ಚೆಂದಾಗಿ ಮಾತಾಡಿದ್ರು ಸಾರ್. ಕೈ ಎತ್ತದೆ ಇರಕ್ಕಾಯ್ತದಾ? ತೆಗೀತೀನಿ. ಮಾತು ಅಂದ್ರೆ ಮಾತು. ಆದ್ರೆ ಅದರ ಮೇಲೆ ಯಾರೂ ಇನ್ನೂ ಆಡೇ ಇಲ್ಲ. ಒಂದು ಆಟ ಆಗೋಗ್ಲಿ, ಆಮೇಲೆ ತೆಗೀತೀನಿ.”

“ನೀವೇ ಆಡಿಲ್ಲವೆ?” ಎಂದೆ.

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ನಾನೆಂಗೆ ಆಡ್ಲಿ? ನಾನು ಗ್ರೀನ್ ಮಾಡೋನು.”

“ಆ ಮೈದಾನದಲ್ಲೂ ಆಡಿರಲಿಲ್ಲವೇ? ಯಾರಾದರೂ ಬೇಡ ಅಂದಿದ್ದರೇ?”

“ಅಯ್ಯೋ ಇಲ್ಲ ಬುಡಿ, ಒಳ್ಳೆ ಜನ. ಯಾರೂ ಬ್ಯಾಡ ಅನ್ನಲಿಲ್ಲ.” ಯಾವ ದೂರೂ ಇಲ್ಲದ ದನಿಯಲ್ಲಿ ಸೇರಿಸಿದರು: “ಯಾರೂ ಬಾ ಅನ್ನಲೂ ಇಲ್ಲ.”

ನಿರ್ಣಯದ ಒಕ್ಕಣೆಯೊಂದಿಗೆ ಈ ಮಾತನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ. ಯಾಕೆ ಬರೆದೆನೋ ಆಗ ತಿಳಿದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅಧ್ಯಕ್ಷರೂ ನಾನೂ ಅವರ ಹಿತ್ತಿಲಿಗೆ ಹೋದೆವು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾವುಟದ ಪಕ್ಕ ನಿಂತಿದ್ದರು. ಅಧ್ಯಕ್ಷರು ಹೊಡೆದ ಚೆಂಡು ಆಮೆಯ ಬೆನ್ನನ್ನು ಅರ್ಧ ಏರಿ, ನಿಂಬೆಹಣ್ಣಿನಂತೆಯೇ ಅವರ ಕಾಲಿಗೆ ಹಿಂದಿರುಗಿತು. ಆರು ಸಲವೂ ಹಾಗೆಯೇ ಆಗಿ, ಏಳನೆಯದಕ್ಕೆ ಹೇಗೋ ಗುಂಡಿ ಸೇರಿತು. ಯಜಮಾನರ ಹೆಂಡತಿ “ಕೊಡಿಲ್ಲಿ, ಕಸ ಗುಡ್ಸೋದಕ್ಕಿಂತ ದೊಡ್ಡ ವಿದ್ಯೆನಾ ಇದು?” ಎಂದು ಸೆರಗು ಸಿಕ್ಕಿಸಿ ಎರಡೇ ಹೊಡೆತಕ್ಕೆ ಬೀಳಿಸಿದರು. ನನ್ನ ಸರದಿ ಬಂತು. ನಾನು ಗುಂಡಿಗೆ ಗುರಿಯಿಟ್ಟೆ.

“ಗುಂಡಿ ನೋಡ್ಬ್ಯಾಡಿ ಕಣಮ್ಮ. ಆ ನಲ್ಲಿ ನೋಡಿ ಹೊಡೀರಿ.”

ನಲ್ಲಿ ಇದ್ದದ್ದು ಸಂಪೂರ್ಣ ಬೇರೆ ದಿಕ್ಕಿನಲ್ಲಿ. ಆದರೂ ಹೊಡೆದೆ. ಚೆಂಡು ಉಬ್ಬನ್ನು ಏರಿ, ಹಳೆಯ ತೇಪೆಯೊಂದರ ಮೇಲೆ ತಡೆದು, ನಿಧಾನವಾಗಿ ತಿರುಗಿ, ಮನೆಗೆ ಮರಳುವ ಹಸುವಿನಂತೆ ನೇರವಾಗಿ ಗುಂಡಿಗೆ ಬಂದು ಇಳಿಯಿತು. ಟೊಕ್. ಚರ್ಚಾಸ್ಪರ್ಧೆಗಳ ನನ್ನ ಎಲ್ಲ ಪದಕಗಳೂ ಒಟ್ಟಿಗೆ ಮಾಡದ ಸದ್ದು ಅದು.

ಅವರು ಕೋಲನ್ನು ನನ್ನಿಂದ ತೆಗೆದುಕೊಂಡು, ಒರೆಸಿ, ಗೋಡೆಗೊರಗಿಸಲು ಹೊರಟರು. ಆಟ ಮುಗಿದಿತ್ತು; ಇನ್ನು ಮೊಳೆ ಕೀಳುವುದಷ್ಟೇ.

“ಅವ್ರನ್ನ ಯಾರಾದ್ರೂ ಕರೀರ್ರೀ!” ಎಂದು ಅವರ ಹೆಂಡತಿ ಸಿಡುಕಿದರು. “ನಾನ್ ಕರೆದ್ರೆ ಮನೆಯೋಳು ಕರೆದಂಗಾಯ್ತದೆ, ಬರಲ್ಲ.”

ನಾನು ಜೀವನದಲ್ಲಿ ಅನೇಕ ದೀರ್ಘ ಭಾಷಣಗಳನ್ನು ಮಾಡಿದ್ದೇನೆ. ಅಂದು ಹೇಳಿದ್ದು ಒಂದು ಪದ. “ಬನ್ನಿ,” ಎಂದೆ.

ಬೇರೆ ಯಾರನ್ನೋ ಕರೆದಿರಬೇಕೆಂದು ಅವರು ಹಿಂತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು. ಚಪ್ಪಲಿ ಬಿಟ್ಟು ಬಂದರು. ಹತ್ತು ನಿಮಿಷ ಕೆನ್ನೆ ಊರಿ ಓಟ ನೋಡಿದರು. ಎದ್ದು ನಿಂತು ಕೋಲೆತ್ತಿ ಹೊಡೆದರು. ಚೆಂಡು ಆಮೆಯ ಬೆನ್ನಿನಿಂದ ಚಿಮ್ಮಿ, ಗೋಡೆ ಹಾರಿ, ನನ್ನ ಮಾದರಿ ಕಾಂಪೋಸ್ಟ್ ಗುಂಡಿಯಲ್ಲಿ ಬಿತ್ತು.

ಅವರ ಮುಖ ಸಣ್ಣದಾಯಿತು. “ಕ್ಷಮಿಸ್ಬುಡಿ. ಓಟ ಕಣ್ಣಿಗೆ ಗೊತ್ತದೆ. ಕೈಗೆ ಗೊತ್ತಿಲ್ಲ.”

ಆ ಕ್ಷಣದಲ್ಲಿ ನನ್ನ ತರಬೇತಿ ಮೊದಲ ಬಾರಿಗೆ ಸಾರ್ಥಕವಾಯಿತು. “ಅಧ್ಯಕ್ಷರೇ, ಒಂದು ಕ್ರಿಯಾಲೋಪ,” ಎಂದೆ. “ಆಡಲು ಬಂದ ಪ್ರತಿಯೊಬ್ಬರೂ ಚೆಂಡನ್ನು ಗುಂಡಿಗೆ ಬೀಳಿಸುವವರೆಗೆ ಆಟ ಮುಗಿದಂತಾಗದು. ಆಟ ಮುಗಿಯದೆ ನಿರ್ಣಯ ಜಾರಿಗೆ ಬಾರದು. ಒಬ್ಬ ಆಟಗಾರರ ಚೆಂಡು ಇನ್ನೂ ಬಾಕಿ ಇದೆ.” ಅಧ್ಯಕ್ಷರು ಗಂಭೀರವಾಗಿ ಇದನ್ನು ಎತ್ತಿಹಿಡಿದರು. ನಾನು ಹೋಗಿ ತರಕಾರಿ ಸಿಪ್ಪೆಗಳ ನಡುವಿನಿಂದ ಚೆಂಡು ಹೆಕ್ಕಿ ತಂದೆ.

ಆ ಆಟ ಒಂದೂವರೆ ವರ್ಷ ನಡೆಯಿತು. ಬೆಳಗಿನ ಕೆಲಸ ಮುಗಿದ ಮೇಲೆ ಅವರು ಗೋಡೆಗೆ ಒತ್ತಿ ನಿಲ್ಲುವುದನ್ನು ಬಿಟ್ಟರು. ದಿನಕ್ಕೆ ಒಂದೇ ಹೊಡೆತ, ಅದೂ ನಾನು ಕಿಟಕಿಯಿಂದ “ಬನ್ನಿ” ಎಂದ ಮೇಲೆ. ಚೆಂಡು ನನ್ನ ಬಟ್ಟೆಯ ಮೇಲೆ, ಅವರ ತೊಟ್ಟಿಯಲ್ಲಿ, ಒಮ್ಮೆ ಹಾಲಿನವರ ಕ್ಯಾನಿನಲ್ಲಿ ಬಿತ್ತು. ಬೇಸಿಗೆ ಬಂದು ಆಮೆ ಕುಗ್ಗಿ ಬಾಣಲಿಯಾಯಿತು. ಮಳೆ ಬಂದು ಬಾಣಲಿ ಮತ್ತೆ ಆಮೆಯಾಯಿತು.

ಒಂದು ಬೆಳಿಗ್ಗೆ ನಾನು ಒಗ್ಗರಣೆಯ ಕಡೆ ತಿರುಗಿದ್ದಾಗ ಹಿತ್ತಿಲಲ್ಲಿ ಕೂಗು ಕೇಳಿತು. ಓಡಿಹೋದೆ. ಅವರು ಮಂಡಿಯೂರಿ ಆಗಲೇ ಮೊಳೆ ಕೀಳುತ್ತಿದ್ದರು.

“ಬಿತ್ತು ಕಣಮ್ಮ! ಗುಂಡಿಗೆ! ನಾನೇ ಹೊಡೆದಿದ್ದು! ಆಟ ಮುಗೀತು, ತೆಗೀತೀನಿ.”

ಗುಂಡಿಯಲ್ಲಿ ಚೆಂಡು ಇತ್ತು. “ಸಾಕ್ಷಿ ಯಾರು?” ಎಂದೆ.

“ಇವಳೇ ಇದ್ಳಲ್ಲ, ಕೇಳಿ.”

ಅವರ ಹೆಂಡತಿ ತಂತಿಯ ಮೇಲೆ ಸೀರೆ ಹರವುತ್ತಿದ್ದರು. ಗಂಡನನ್ನೂ ಕಿತ್ತ ಮೊಳೆಗಳನ್ನೂ ನೋಡಿದರು. “ನಾನ್ ಬಟ್ಟೆ ಒಣಗಾಕ್ತಿದ್ದೆ. ಏನೋ ಟೊಕ್ ಅಂತು. ಸೆಕ್ರೆಟರಿ ಅಮ್ಮನ ಮನೆ ಕುಕ್ಕರ್ ಇರ್ಬೋದು.”

“ಕುಕ್ಕರ್ ಟೊಕ್ ಅಂತದಾ? ಏನೇ ಮಾತಾಡ್ತಿದ್ದೀಯ?”

“ನಮ್ಮ ಕುಕ್ಕರ್ ಹಳೆಯದು. ಟೊಕ್ ಅನ್ನುತ್ತದೆ,” ಎಂದೆ. ಸತ್ಯದ ಪಕ್ಷದಲ್ಲಿಯೇ ನಿಲ್ಲುತ್ತೇನೆಂದು ಹದಿನೆಂಟರ ವಯಸ್ಸಿನಲ್ಲಿ ವೇದಿಕೆಯ ಮೇಲೆ ಪ್ರತಿಜ್ಞೆ ಮಾಡಿದವಳು ನಾನು. “ಸಾಕ್ಷ್ಯ ಸಾಲದು. ಆಟ ಮುಂದುವರಿಯತಕ್ಕದ್ದು.”

ಅವರು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದರು. ನೆಲವನ್ನು ನೋಡುವ ಹಾಗೆಯೇ, ಒಂದು ಕಣ್ಣು ಮುಚ್ಚಿ. ನಾವು ಯಾವ ಕಡೆಗೆ ಓಡುತ್ತಿದ್ದೇವೆಂದು ಅವರಿಗೆ ತಿಳಿದಿರಲೇಬೇಕು. ಮೊಳೆಗಳನ್ನು ಮತ್ತೆ ಹೊಡೆದರು. ಮರುದಿನ ಗುಂಡಿ ಬೇರೆ ಕಡೆ ಇತ್ತು.

ಅವರು ಹೋದ ತಿಂಗಳೊಪ್ಪತ್ತಿಗೆ ಅವರ ಹೆಂಡತಿ ಗೋಡೆಯ ಬಳಿ ಬಂದು ಕರೆದರು. “ಬರ್ಕೊಳ್ಳಿ ಕಣಮ್ಮ. ಅವತ್ತು ನಾನು ನೋಡಿದ್ದೆ. ಸೀರೆ ಮರೆಯಿಂದ. ತೇಪೆ ಸುತ್ಕೊಂಡು ಬಂದು ಬಿತ್ತು, ಎಷ್ಟ್ ಚೆಂದಾಗಿತ್ತು ಅಂತೀರಿ. ಈಗ ಹುಲ್ಲು ತೆಗೆಸ್ಬುಡಿ. ಅವ್ರು ಮಾತು ಕೊಟ್ಟವ್ರೆ.”

ನಡಾವಳಿಯಲ್ಲಿ ಬರೆದೆ. ಆಟ ಮುಗಿಯಿತು, ಎಲ್ಲ ಆಟಗಾರರೂ ಚೆಂಡು ಬೀಳಿಸಿದ್ದಾರೆ. ಅಧ್ಯಕ್ಷರೂ ನಾನೂ ಮೊಳೆ ಕಿತ್ತು ಹುಲ್ಲನ್ನು ಸುತ್ತಿದೆವು. ಕೆಳಗಿನ ಜೇಡಿಯ ತುಂಬ ದುಂಡುದುಂಡಾದ ಗುರುತುಗಳಿದ್ದವು. ಈಗ ಅಲ್ಲಿ ಕನಕಾಂಬರದ ಪಾತಿಯಿದೆ. ಆ ಸುರುಳಿಯನ್ನು ಒಯ್ಯಲು ಕಸದ ಗಾಡಿಯವರು ಒಪ್ಪದ ಕಾರಣ ಅದು ನನ್ನ ವರಾಂಡದಲ್ಲಿ ನಿಂತಿದೆ, ತುಸು ಎಡಕ್ಕೆ ವಾಲಿಕೊಂಡು. ಜಲ್ಲಿಯ ನಿಯಮವನ್ನು ನಾನೇ ತಿದ್ದುಪಡಿಗೆ ಮಂಡಿಸಿದ್ದೇನೆ: ಒಂದು ದಿನ ಸುರಿಯಬಹುದು.

ಇಂದಿನವರೆಗೆ ನನ್ನ ಲೇಖನಗಳ ಕೊನೆಯಲ್ಲಿ ನಾನು ದೊಡ್ಡ ದೊಡ್ಡದನ್ನೇ ಬೇಡಿದ್ದೇನೆ. ಈ ಸಲ ಚಿಕ್ಕದೊಂದನ್ನು ಕೇಳುತ್ತೇನೆ. ನಾಳೆ ಬೆಳಿಗ್ಗೆ ನಿಮ್ಮ ಉದ್ಯಾನಕ್ಕೆ, ಮೈದಾನಕ್ಕೆ, ಶಾಲೆಯ ಅಂಗಳಕ್ಕೆ ಹೋಗಿ. ಅಲ್ಲಿ ಹುಲ್ಲು ಕತ್ತರಿಸಿ, ಗೆರೆ ಎಳೆದು, ಬಲೆ ಕಟ್ಟಿ, ಪಕ್ಕಕ್ಕೆ ಸರಿದು ನಿಂತವರೊಬ್ಬರಿರುತ್ತಾರೆ. ಚೆಂಡೋ ಬ್ಯಾಟೋ ನಿಮ್ಮ ಕೈಯಲ್ಲಿದ್ದದ್ದನ್ನು ಅವರ ಕಡೆ ಚಾಚಿ “ಬನ್ನಿ” ಎನ್ನಿ. ಅವರು ಹಿಂತಿರುಗಿ ನೋಡಿದರೆ ಇನ್ನೊಮ್ಮೆ ಎನ್ನಿ.